ಮಾದಕ ವಸ್ತುಗಳ ಪಾಠ ನಮ್ಮ ಮನೆಯಂಗಳದಿಂದಲೇ ಆರಂಭವಾಗಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಜೂನ್ 26ರ ಅಂತರರಾಷ್ಟ್ರೀಯ ಮಾದಕ ವಸ್ತು ವಿರೋಧಿ ದಿನ ಬಂತೆಂದರೆ ನಮ್ಮ ಕೊಡಗು ಜಿಲ್ಲೆಯ ಶಾಲೆಗಳಲ್ಲಿ ಏನು ನಡೆಯುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಇಪ್ಪತ್ತೊಂಬತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿಯಾಗಿದ್ದ ನಾನು ಆ ಕಾರ್ಯಕ್ರಮಗಳನ್ನು ನೋಡಿದ್ದು ಮಾತ್ರವಲ್ಲ, ಬಹಳಷ್ಟನ್ನು ಸ್ವತಃ ನಿಂತು ನಡೆಸಿದ್ದೇನೆ. ಮುಂಗಾರಿನ ಜಡಿಮಳೆಯಲ್ಲಿ ಮಕ್ಕಳಿಗೆ ರೇನ್‌ಕೋಟ್ ತೊಡಿಸಿ, ಭಿತ್ತಿಫಲಕಗಳಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಶಾಲೆಯ ಗೇಟಿನಿಂದ ಪಂಚಾಯಿತಿ ಕಚೇರಿಯವರೆಗೆ ಜಾಥಾ ಹೊರಡಿಸಿ, ಒದ್ದೆಯಾದ ಮಕ್ಕಳು ಹಿಂತಿರುಗಿದ ಮೇಲೆ ಪ್ರತಿಜ್ಞಾವಿಧಿ ಬೋಧಿಸಿ, ಬಿಸ್ಕತ್ತು ಹಂಚಿ, ಮರುದಿನ ಇಲಾಖೆಗೆ ಫೋಟೋ ಸಹಿತ ವರದಿ ಕಳುಹಿಸಿದರೆ ಆ ವರ್ಷದ ನಮ್ಮ ಕೆಲಸ ಮುಗಿಯುತ್ತಿತ್ತು. ಮುಂದಿನ ಜೂನ್‌ವರೆಗೆ ಆ ಮಾತು ತರಗತಿಯಲ್ಲಿ ಮತ್ತೆ ಬರುತ್ತಿರಲಿಲ್ಲ. ನಿವೃತ್ತಿಯಾಗಿ ನಾಲ್ಕು ವರ್ಷಗಳಾದ ಈ ಹೊತ್ತಿನಲ್ಲಿ ಹಿಂತಿರುಗಿ ನೋಡಿದಾಗ, ಅಷ್ಟು ವರ್ಷ ನಾವು ಮಕ್ಕಳಿಗೆ ಘೋಷಣೆ ಕಲಿಸಿದೆವೇ ಹೊರತು ವಿಷಯವನ್ನು ಕಲಿಸಲಿಲ್ಲ ಎಂಬ ಸಂಕಟ ಕಾಡುತ್ತಿರುವುದರಿಂದ ಈ ದೀರ್ಘ ಪತ್ರವನ್ನು ಬರೆಯುತ್ತಿದ್ದೇನೆ.

ನನ್ನ ತಪ್ಪಿನಿಂದಲೇ ಆರಂಭಿಸುತ್ತೇನೆ. ಹತ್ತನೆಯ ತರಗತಿಯಲ್ಲಿ ಯಕೃತ್ತಿನ ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಟೀಚರ್, ಬೀರು ಕುಡಿದ್ರೆ ಏನೂ ಆಗಲ್ಲ ಅಲ್ವಾ? ವಿಸ್ಕಿಯಲ್ಲಿ ನಲವತ್ತೆರಡು ಪರ್ಸೆಂಟ್ ಇರುತ್ತೆ, ಬೀರಲ್ಲಿ ಬರೀ ಎಂಟು” ಎಂದು ಕೇಳಿದ. ಉಳಿದವರು ನಕ್ಕರು. ಅವನು ನಗಲಿಲ್ಲ, ಬಾಟಲಿಯ ಮೇಲಿನ ಚೀಟಿಯನ್ನು ಓದಿ, ಲೆಕ್ಕ ಹಾಕಿ, ತನ್ನ ಲೆಕ್ಕ ಸರಿಯೇ ಎಂದು ವಿಜ್ಞಾನ ಶಿಕ್ಷಕಿಯ ಬಳಿ ಕೇಳುತ್ತಿದ್ದ. ನಾನು, “ಇಂಥ ಪ್ರಶ್ನೆಯೆಲ್ಲ ಕೇಳಬಾರದು, ಕೂತ್ಕೋ” ಎಂದೆ. ಅವನು ಕುಳಿತ. ಆ ವರ್ಷವಿಡೀ ಅವನು ನನ್ನ ತರಗತಿಯಲ್ಲಿ ಮತ್ತೊಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ, ನಾನು ಗದರಿಸಿದ್ದು ಪ್ರಶ್ನೆ ಅಸಭ್ಯವಾಗಿತ್ತೆಂದಲ್ಲ, ಉತ್ತರ ನನಗೂ ಗೊತ್ತಿರಲಿಲ್ಲವೆಂದು.

ಉತ್ತರವನ್ನು ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿ ಕಂಡುಕೊಂಡೆ. ಅದು ಏಳನೆಯ ತರಗತಿಯ ಗಣಿತಕ್ಕಿಂತ ಕಷ್ಟದ್ದಲ್ಲ. ನಮ್ಮಲ್ಲಿ ಮಾರಾಟವಾಗುವ ವಿಸ್ಕಿ, ಬ್ರಾಂದಿ, ರಮ್ಮುಗಳ ಮದ್ಯಸಾರದ ಪ್ರಮಾಣ ಸಾಮಾನ್ಯವಾಗಿ ಶೇ. 42.8. ಮೂವತ್ತು ಮಿಲಿಲೀಟರಿನ ಒಂದು ಸಣ್ಣ ಪೆಗ್ಗಿನಲ್ಲಿ ಹಾಗಾದರೆ ಸುಮಾರು 13 ಮಿಲಿಲೀಟರ್ ಶುದ್ಧ ಮದ್ಯಸಾರ, ತೂಕದಲ್ಲಿ ಹೇಳುವುದಾದರೆ ಸುಮಾರು 10 ಗ್ರಾಂ ಇರುತ್ತದೆ. ಶೇ. 8ರ ಸ್ಟ್ರಾಂಗ್ ಬೀರಿನ 650 ಮಿಲಿಲೀಟರಿನ ಒಂದು ಬಾಟಲಿಯಲ್ಲಿರುವುದು 52 ಮಿಲಿಲೀಟರ್, ಅಂದರೆ ಸುಮಾರು 41 ಗ್ರಾಂ. ಬರೀ ಬೀರು ಎಂದುಕೊಂಡು ಹದಿನಾರರ ಹುಡುಗನೊಬ್ಬ ಒಂದು ಬಾಟಲಿ ಖಾಲಿ ಮಾಡಿದರೆ, ಅವನು ನಾಲ್ಕು ಪೆಗ್ ವಿಸ್ಕಿ ಕುಡಿದಂತೆಯೇ ಆಯಿತು. ಯಕೃತ್ತು ಸುಮಾರಾಗಿ ಒಂದು ಗಂಟೆಗೆ ಒಂದು ಸಣ್ಣ ಪೆಗ್ಗಿನಷ್ಟನ್ನು ಮಾತ್ರ ಕರಗಿಸಬಲ್ಲದು. ತಣ್ಣೀರು ಸ್ನಾನವಾಗಲಿ, ನಿಂಬೆರಸವಾಗಲಿ, ನಮ್ಮ ತೋಟದ ಕಡುಕಾಫಿಯಾಗಲಿ ಅದರ ವೇಗವನ್ನು ಹೆಚ್ಚಿಸುವುದಿಲ್ಲ. ಇಷ್ಟನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಲು ಹತ್ತು ನಿಮಿಷ ಸಾಕು. ಆ ಹುಡುಗನಿಗೆ ಆ ಹತ್ತು ನಿಮಿಷವನ್ನು ನಾನು ಕೊಡಲಿಲ್ಲ.

ಹೆದರಿಸುವುದೇ ಬೋಧನೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ತಲೆಬುರುಡೆ, ಎಲುಬು, ಕೊಳೆತ ಶ್ವಾಸಕೋಶದ ಚಿತ್ರಗಳನ್ನು ತೋರಿಸಿದರೆ ಮಕ್ಕಳು ದೂರ ಉಳಿಯುತ್ತಾರೆ ಎಂದು ನಾವು ಅಂದುಕೊಳ್ಳುತ್ತೇವೆ. ಇದನ್ನು ಲೋಕ ಬಹಳ ಹಿಂದೆಯೇ ಪರೀಕ್ಷಿಸಿ ನೋಡಿದೆ. ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ 1983ರಲ್ಲಿ ಆರಂಭವಾದ ಡೇರ್ ಎಂಬ ಕಾರ್ಯಕ್ರಮದಲ್ಲಿ ಸಮವಸ್ತ್ರ ತೊಟ್ಟ ಪೊಲೀಸರು ತರಗತಿಗೆ ಬಂದು ಪಾಠ ಮಾಡುತ್ತಿದ್ದರು. ಪೋಷಕರಿಗೆ, ಶಾಲೆಗಳಿಗೆ, ರಾಜಕಾರಣಿಗಳಿಗೆಲ್ಲ ಅದು ಬಹಳ ಮೆಚ್ಚುಗೆಯಾಗಿತ್ತು. ಆದರೆ ಆ ಪಾಠ ಕೇಳಿದ ಮಕ್ಕಳನ್ನೂ ಕೇಳದ ಮಕ್ಕಳನ್ನೂ ವರ್ಷಗಳ ಕಾಲ ಗಮನಿಸಿದ ಅಧ್ಯಯನಗಳಲ್ಲಿ ಇಬ್ಬರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ, ಕೊನೆಗೆ ಆ ಸಂಸ್ಥೆಯೇ ತನ್ನ ಪಠ್ಯಕ್ರಮವನ್ನು ಬದಲಿಸಿಕೊಂಡಿತು. ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿಯು ವಿಶ್ವ ಆರೋಗ್ಯ ಸಂಸ್ಥೆಯೊಂದಿಗೆ ಸೇರಿ 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೂ ಭಯ ಹುಟ್ಟಿಸುವ ಪಾಠಗಳಿಂದ, ಬರೀ ಮಾಹಿತಿ ಸುರಿಯುವ ಭಾಷಣಗಳಿಂದ ಪ್ರಯೋಜನವಾಗುವುದಿಲ್ಲ ಎಂದೇ ಹೇಳುತ್ತದೆ. ನಮ್ಮ ಪೊಲೀಸ್ ಸಿಬ್ಬಂದಿಯ ಕಾಳಜಿಯ ಬಗ್ಗೆ ನನಗೆ ಗೌರವವಿದೆ; ಕೇರಳದ ಗಡಿಯಲ್ಲಿ ಕುಟ್ಟ, ಮಾಕುಟ್ಟ, ಕರಿಕೆಯ ತಪಾಸಣಾ ಠಾಣೆಗಳಲ್ಲಿ ಅವರು ಮಾಡಬೇಕಾದ ಕೆಲಸ ಬೇಕಾದಷ್ಟಿದೆ. ಆದರೆ ತರಗತಿಯಲ್ಲಿ ಮಗು ಬಾಯಿ ಬಿಟ್ಟು ಕೇಳಬೇಕಾದ ಪ್ರಶ್ನೆಯನ್ನು ಸಮವಸ್ತ್ರದ ಎದುರು ಕೇಳುವುದಿಲ್ಲ.

ಇನ್ನು ನಮ್ಮ ಮನೆಗಳ ವಿಷಯ. ಇದನ್ನು ಬರೆಯುವಾಗ ಕೆಲವರಿಗೆ ನೋವಾಗಬಹುದೆಂದು ಬಲ್ಲೆ. ಆದರೂ ಇದೇ ಈ ಪತ್ರದ ಮುಖ್ಯ ಮಾತು. ಕುಲದ ಹಿರಿಯರಾದ ಗುರುಕಾರೋಣರಿಗೆ ಮೀದಿ, ಅಂದರೆ ಎಡೆ, ಇಡುವಾಗ ಎಲೆಯ ಪಕ್ಕದಲ್ಲಿ ಮದ್ಯವನ್ನಿಡುವ ಮನೆಯಲ್ಲೇ ನಾನೂ ಹುಟ್ಟಿ ಬೆಳೆದವಳು. ಕೈಲ್‌ಪೊಳ್ದ್ ಹಬ್ಬ ಬಂದರೂ ಹುತ್ತರಿ ಬಂದರೂ ಕುಟುಂಬದ ಮೂಲಮನೆಯಾದ ಐನ್‌ಮನೆಯ ಕೈಯಾಲೆಯಲ್ಲಿ, ಅಂದರೆ ಜಗುಲಿಯಲ್ಲಿ, ಹಿರಿಯರು ಕುಳಿತು ಒಂದೆರಡು ಗ್ಲಾಸು ಕುಡಿಯುವುದನ್ನು ನೋಡುತ್ತಲೇ ದೊಡ್ಡವಳಾದೆ. ಆ ಆಚರಣೆಯ ಮೇಲೆ ನನ್ನ ಆಕ್ಷೇಪವಿಲ್ಲ. ನನ್ನ ಅಜ್ಜ ಹಿರಿಯರಿಗೆ ಅರ್ಪಿಸಿದ ಮೇಲೆಯೇ ತಾವು ಮುಟ್ಟುತ್ತಿದ್ದರು, ಊಟಕ್ಕೆ ಕುಳಿತ ಮೇಲೆ ಮತ್ತೆ ಕೇಳುತ್ತಿರಲಿಲ್ಲ, ಚಿಕ್ಕವರ ಕೈಗೆ ಆ ಗ್ಲಾಸನ್ನು ಕೊಟ್ಟವರೂ ಅಲ್ಲ. ಅರ್ಪಣೆಗೆ ಒಂದು ಅಳತೆಯಿತ್ತು. ಈಗ ಆ ಅಳತೆ ಹೋಗಿ ಹೆಸರು ಮಾತ್ರ ಉಳಿದಿದೆ. ಊರೆಲ್ಲ ಕುಡಿಯುವುದಕ್ಕೆ ಪದ್ಧತಿಯ ಹೆಸರನ್ನು ಹೇಳುತ್ತೇವೆ.

ಎರಡು ವರ್ಷಗಳ ಹಿಂದೆ ನಮ್ಮ ಸಂಬಂಧಿಕರೊಬ್ಬರ ಮನೆಯಲ್ಲಿ ಮದುವೆಗೆಂದು ಊರವರೆಲ್ಲ ಸೇರುವ ಊರ್‌ಕೂಡುವದಲ್ಲಿ ನಾನು ಕಂಡದ್ದನ್ನು ಹೇಳಬೇಕು. ಒಂಬತ್ತನೆಯ ತರಗತಿಯಲ್ಲಿ ಓದುವ ಹುಡುಗನೊಬ್ಬ, ಹದಿನಾಲ್ಕು ದಾಟಿರಲಿಕ್ಕಿಲ್ಲ, ಸ್ಟೀಲ್ ಟ್ರೇಯಲ್ಲಿ ಹದಿನೈದು ಇಪ್ಪತ್ತು ಗ್ಲಾಸುಗಳನ್ನಿಟ್ಟುಕೊಂಡು ಚಪ್ಪರದಡಿ ಓಡಾಡುತ್ತಿದ್ದ. ಹಿರಿಯರು ಕರೆದ ಕಡೆ ಓಡಿ ಹೋಗಿ ಕೊಡುವ ಅವನ ವಿನಯವನ್ನು ಎಲ್ಲರೂ ಹೊಗಳುತ್ತಿದ್ದರು. ಅವನ ಮಾವನ ವಯಸ್ಸಿನವರೊಬ್ಬರು ಅವನ ಬೆನ್ನು ತಟ್ಟಿ, “ಗಂಡು ಮಗ ಅಲ್ವೇನೋ, ಒಂದು ಗುಟುಕು ಕುಡಿ” ಎಂದು ತಮ್ಮ ಗ್ಲಾಸನ್ನೇ ಅವನ ಬಾಯಿಗೆ ಹಿಡಿದರು. ಸುತ್ತಲಿದ್ದವರು ಖುಷಿಪಟ್ಟರು. ಸ್ವಲ್ಪ ಹೊತ್ತಿನ ಮೇಲೆ ನಾನು ಕೈ ತೊಳೆಯಲು ಅಡುಗೆ ಚಪ್ಪರದ ಹಿಂದಕ್ಕೆ ಹೋದಾಗ, ಅದೇ ಹುಡುಗ ಇನ್ನಿಬ್ಬರ ಜೊತೆ ನಿಂತು, ಟ್ರೇಯಲ್ಲಿ ವಾಪಸು ಬಂದ ಗ್ಲಾಸುಗಳ ತಳದಲ್ಲಿ ಉಳಿದಿದ್ದನ್ನೆಲ್ಲ ಒಂದೇ ಗ್ಲಾಸಿಗೆ ಬಗ್ಗಿಸುತ್ತಿದ್ದ. ಯಾವುದು ವಿಸ್ಕಿ, ಯಾವುದು ರಮ್ಮು, ಯಾವುದು ಮನೆಯಲ್ಲಿ ಮಾಡಿದ ವೈನು ಎಂಬ ಭೇದ ಅಲ್ಲಿರಲಿಲ್ಲ. ನನ್ನನ್ನು ಕಂಡು ಗ್ಲಾಸನ್ನು ಬಾಳೆಯ ಬುಡಕ್ಕೆ ಚೆಲ್ಲಿ ಓಡಿದರು. ಆ ಹುಡುಗ ಮುಂದಿನ ಜೂನ್ 26ಕ್ಕೆ “ಮದ್ಯಪಾನ ಮಹಾಪಾಪ” ಎಂಬ ಫಲಕ ಹಿಡಿದು ಜಾಥಾದಲ್ಲಿ ನಡೆದರೆ, ಆ ಎರಡು ಮಾತುಗಳಲ್ಲಿ ಯಾವುದನ್ನು ನಂಬಬೇಕು?

ಮನೆ ವೈನಿನ ಬಗ್ಗೆಯೂ ಒಂದು ಮಾತು. ದ್ರಾಕ್ಷಿ, ನೆಲ್ಲಿ, ಶುಂಠಿ, ಪ್ಯಾಷನ್ ಫ್ರೂಟ್ ಎಂದು ಬಗೆಬಗೆಯ ವೈನನ್ನು ನಾವು ಜ್ಯೂಸಿನ ಸಾಲಿಗೆ ಸೇರಿಸಿಬಿಟ್ಟಿದ್ದೇವೆ, ಶೀತಕ್ಕೆ ಒಳ್ಳೆಯದೆಂದು ಮಕ್ಕಳಿಗೂ ಚಮಚದಲ್ಲಿ ಕೊಡುತ್ತೇವೆ. ಅದರಲ್ಲಿ ಮದ್ಯಸಾರ ಎಷ್ಟಿದೆಯೆಂದು ಯಾವ ಬಾಟಲಿಯ ಮೇಲೂ ಬರೆದಿರುವುದಿಲ್ಲ.

ಕಾನೂನು ಈ ವಿಷಯದಲ್ಲಿ ನಾವು ಅಂದುಕೊಂಡಿರುವುದಕ್ಕಿಂತ ಕಟುವಾಗಿದೆ. 2015ರ ಬಾಲನ್ಯಾಯ ಕಾಯ್ದೆಯ 77ನೆಯ ಕಲಮಿನ ಪ್ರಕಾರ, ಹದಿನೆಂಟು ತುಂಬದವರಿಗೆ ವೈದ್ಯರ ಸಲಹೆಯಿಲ್ಲದೆ ಮದ್ಯ, ಮಾದಕ ವಸ್ತು ಅಥವಾ ತಂಬಾಕು ಕೊಟ್ಟವರಿಗೆ ಏಳು ವರ್ಷಗಳವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಮದ್ಯವನ್ನೋ ಮಾದಕ ವಸ್ತುವನ್ನೋ ಸಾಗಿಸಲು, ಪೂರೈಸಲು, ಮಾರಲು ಮಗುವನ್ನು ಬಳಸಿಕೊಂಡವರಿಗೂ 78ನೆಯ ಕಲಮು ಅದೇ ಶಿಕ್ಷೆಯನ್ನು ಹೇಳುತ್ತದೆ. ಮಾವಂದಿರನ್ನು ಜೈಲಿಗೆ ಕಳುಹಿಸಬೇಕೆಂದು ನಾನು ಈ ಮಾತನ್ನು ಎತ್ತುತ್ತಿಲ್ಲ. ಗಾಂಜಾ ಮಾರುವವನು ನಮ್ಮ ಕಣ್ಣಿಗೆ ಎಷ್ಟು ದೊಡ್ಡ ಅಪರಾಧಿಯಾಗಿ ಕಾಣುತ್ತಾನೋ, ಮಗುವಿನ ಬಾಯಿಗೆ ಗ್ಲಾಸು ಹಿಡಿಯುವವರನ್ನೂ ಕಾನೂನು ಸಣ್ಣ ತಪ್ಪಿತಸ್ಥರೆಂದು ಬಿಟ್ಟಿಲ್ಲ ಎಂಬುದು ನಮ್ಮ ಕೊಡವ ಸಮಾಜಗಳಿಗೂ, ಗೌಡ ಸಮಾಜಗಳಿಗೂ, ಉಳಿದೆಲ್ಲ ಸಮುದಾಯಗಳ ಮುಖಂಡರಿಗೂ ತಿಳಿದಿರಲಿ ಎಂದಷ್ಟೇ. ಮದುವೆ ಮಂಟಪ ಬಾಡಿಗೆಗೆ ಕೊಡುವಾಗ, ಹದಿನೆಂಟು ತುಂಬದವರು ಮದ್ಯದ ಟ್ರೇ ಹಿಡಿಯುವಂತಿಲ್ಲ ಎಂದು ಒಂದು ಸಾಲನ್ನು ಕರಾರಿನಲ್ಲಿ ಸೇರಿಸಲು ಯಾವ ಖರ್ಚೂ ಇಲ್ಲ.

ಕುಡಿತವೆಂದರೆ ತೋಟದ ಕಾರ್ಮಿಕರ ಲೈನ್‌ಮನೆಗಳ ಸಮಸ್ಯೆ ಎಂದು ಬೆರಳು ತೋರಿಸುವುದು ನಮ್ಮಲ್ಲಿ ರೂಢಿಯಾಗಿದೆ. ವಾರದ ಬಟವಾಡೆಯ ದಿನ ಸಂತೆಯಲ್ಲಿ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾದ ಮೇಲೂ ತೋಟದ ಕೂಲಿಯ ಹಣ ಹೋಗುವ ದಾರಿ ಬದಲಾಗಲಿಲ್ಲ, ಪ್ಯಾಕೆಟ್ಟಿನ ಬಣ್ಣ ಬದಲಾಯಿತು. ಆದರೆ ಅಲ್ಲಿನ ಮಕ್ಕಳೂ ನಮ್ಮ ತರಗತಿಯಲ್ಲೇ ಕುಳಿತಿರುತ್ತಾರೆ ಎಂಬುದನ್ನು ಭಾಷಣ ಮಾಡುವಾಗ ನಾವು ಮರೆಯುತ್ತೇವೆ. ಒಮ್ಮೆ ನಮ್ಮ ಶಾಲೆಯಲ್ಲಿ ಬೀದಿ ನಾಟಕ ಆಡಿಸಿದೆವು. ಕುಡುಕನ ಪಾತ್ರದ ಹುಡುಗ ತೂರಾಡುತ್ತ, ಪಂಚೆ ಜಾರಿಸಿಕೊಳ್ಳುತ್ತ, ಹೆಂಡತಿಯ ಜಡೆ ಹಿಡಿದೆಳೆಯುತ್ತ ಬಂದಾಗ ಇಡೀ ಶಾಲೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮುಂದಿನ ಸಾಲಿನಲ್ಲಿದ್ದ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಮಾತ್ರ ತಲೆ ಬಗ್ಗಿಸಿ ತನ್ನ ಚಪ್ಪಲಿಯ ಪಟ್ಟಿಯನ್ನು ಬಿಚ್ಚುವುದು, ಕಟ್ಟುವುದು, ಮತ್ತೆ ಬಿಚ್ಚುವುದು ಮಾಡುತ್ತಿದ್ದಳು. ಅವಳ ಮನೆಯಲ್ಲಿ ಅದು ನಾಟಕವಾಗಿರಲಿಲ್ಲ. ನಾಟಕದ ಕೊನೆಯಲ್ಲಿ ಕುಡುಕ ಸಾಯುತ್ತಾನೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆ ಚಪ್ಪಾಳೆ ಅವಳ ಕಿವಿಗೆ ಹೇಗೆ ಕೇಳಿಸಿರಬಹುದೆಂದು ಆ ದಿನ ನನಗೆ ಹೊಳೆಯಲಿಲ್ಲ.

ಅಂಥ ಮಗುವಿಗೆ ನಾವು ಹೇಳಬೇಕಾದದ್ದು ಬೇರೆಯೇ ಇದೆ. ಅಪ್ಪ ಕೆಟ್ಟವನಾದ್ದರಿಂದ ಕುಡಿಯುತ್ತಾನೆ ಎಂದಲ್ಲ, ವ್ಯಸನವೆಂಬುದು ಚಿಕಿತ್ಸೆಯಿರುವ ಕಾಯಿಲೆ ಎಂದು ಹೇಳಬೇಕು. ಬೆಳಿಗ್ಗೆ ಏಳುತ್ತಲೇ ಅಪ್ಪನ ಕೈ ನಡುಗುವುದು, ಬೆವರುವುದು, ಒಂದು ಗುಟುಕು ಹೋದ ಕೂಡಲೇ ನಡುಕ ನಿಲ್ಲುವುದು ಆ ಕಾಯಿಲೆಯ ಲಕ್ಷಣ ಎಂದು ಹೇಳಬೇಕು. ಬಹುಕಾಲದಿಂದ ವಿಪರೀತ ಕುಡಿಯುತ್ತಿದ್ದವರು ಹಟದಿಂದ ಒಂದೇ ದಿನಕ್ಕೆ ನಿಲ್ಲಿಸಿದರೆ ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡು ಮೂರು ದಿನಗಳಲ್ಲಿ ಭ್ರಮೆ ಹಿಡಿದು ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ ಬಿಡುವುದನ್ನೂ ವೈದ್ಯರ ನಿಗಾದಲ್ಲೇ ಬಿಡಬೇಕು ಎಂಬುದನ್ನು ಎಷ್ಟು ಮನೆಗಳು ಬಲ್ಲವು? ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ತಜ್ಞರು ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ, ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಬಗೆಯ ಚಿಕಿತ್ಸೆ ಸಿಗುತ್ತಿದೆ. ಹಳ್ಳಿಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳಿಂದ ಬದುಕು ಮರಳಿ ಪಡೆದವರನ್ನು ನಾನು ನೋಡಿದ್ದೇನೆ, ಅವು ಹೆಚ್ಚಬೇಕು. ಜೊತೆಗೆ ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗುವ ದಾರಿಯೂ ಮಕ್ಕಳಿಗೆ ಗೊತ್ತಿರಬೇಕು.

ಹದಿಹರೆಯದ ಮಕ್ಕಳಿಗೆ ಅವರ ಮೆದುಳಿನ ವಿಷಯವನ್ನೇ ಹೇಳಿದರೆ ಕಿವಿಗೊಟ್ಟು ಕೇಳುತ್ತಾರೆ ಎಂಬುದು ನನ್ನ ಅನುಭವ. ಖುಷಿಯನ್ನು ಬೇಡುವ ಭಾಗ ಹದಿಮೂರು ಹದಿನಾಲ್ಕಕ್ಕೇ ಚುರುಕಾಗಿರುತ್ತದೆ. ತಡೆದು ಯೋಚಿಸುವ ಹಣೆಯ ಹಿಂದಿನ ಭಾಗ ಪೂರ್ಣವಾಗಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಘಾಟಿ ಇಳಿಯುವ ಬಸ್ಸಿಗೆ ಎಂಜಿನ್ ಮೊದಲು ಜೋಡಿಸಿ ಬ್ರೇಕನ್ನು ಹತ್ತು ವರ್ಷ ತಡವಾಗಿ ಜೋಡಿಸಿದಂತೆ ಎಂದು ನಾನು ಹೇಳುತ್ತಿದ್ದೆ. ಸಂಪಾಜೆ ಘಾಟಿಯಲ್ಲಿ ಓಡಾಡಿದ ಮಕ್ಕಳಿಗೆ ಹೆಚ್ಚಿನ ವಿವರಣೆ ಬೇಕಾಗುತ್ತಿರಲಿಲ್ಲ. ಆ ಅವಧಿಯಲ್ಲಿ ಹೊರಗಿನಿಂದ ರಾಸಾಯನಿಕ ಸುರಿದರೆ ಮೆದುಳು ಅದಕ್ಕೆ ಹೊಂದಿಕೊಂಡೇ ಬೆಳೆಯುತ್ತದೆ. ಹದಿನೈದರೊಳಗೆ ಕುಡಿಯಲು ತೊಡಗಿದವರು ಮುಂದೆ ಅದಕ್ಕೆ ದಾಸರಾಗುವ ಸಾಧ್ಯತೆ, ಇಪ್ಪತ್ತೊಂದರ ನಂತರ ಆರಂಭಿಸಿದವರಿಗಿಂತ ಹಲವು ಪಟ್ಟು ಹೆಚ್ಚೆಂದು ಅಧ್ಯಯನಗಳು ಹೇಳುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಮಕ್ಕಳ ಮುಂದೆ ಮಹಾಪಾಪದ ಮಾತಿಗಿಂತ “ಈಗ ಬೇಡ” ಎಂಬ ಮಾತಿಗೆ ಬೆಲೆ ಹೆಚ್ಚು.

ಗಾಂಜಾ ವಿಷಯದಲ್ಲೂ ಉತ್ಪ್ರೇಕ್ಷೆ ನಮ್ಮನ್ನು ಸೋಲಿಸುತ್ತದೆ. ಮಕ್ಕಳು ಅದನ್ನು “ಸೊಪ್ಪು” ಎನ್ನುತ್ತಾರೆ; ಗಿಡದಲ್ಲಿ ಬೆಳೆಯುವ ಸೊಪ್ಪಿನಿಂದ ಏನಾದೀತು ಎಂಬ ಧೈರ್ಯ ಆ ಹೆಸರಿನಲ್ಲೇ ಇದೆ. ಒಮ್ಮೆ ಸೇದಿದರೆ ಸತ್ತೇ ಹೋಗುತ್ತೀರಿ ಎಂದು ನಾವು ಹೇಳಿದೆವೆನ್ನಿ. ಸೇದಿಯೂ ಮರುದಿನ ಶಾಲೆಗೆ ಬಂದ ಗೆಳೆಯನನ್ನು ಅವರು ಕಂಡಿರುತ್ತಾರೆ, ಅಲ್ಲಿಗೆ ನಮ್ಮ ಎಲ್ಲ ಮಾತೂ ಸುಳ್ಳಾಗುತ್ತದೆ. ಸತ್ಯವನ್ನೇ ಹೇಳಿದರೆ ಸಾಕು, ಅದೇನೂ ಹಗುರವಾಗಿಲ್ಲ: ಹರೆಯದಲ್ಲಿ ಆಗಾಗ ಸೇದುವವರಿಗೆ ನೆನಪು, ಏಕಾಗ್ರತೆ ಕುಂದುತ್ತದೆ, ಭ್ರಮೆ ಮತ್ತು ಸಂಶಯದ ಮಾನಸಿಕ ಕಾಯಿಲೆ ಬರುವ ಸಾಧ್ಯತೆ ಏರುತ್ತದೆ, ಮನೆತನದಲ್ಲಿ ಅಂಥ ಕಾಯಿಲೆ ಇದ್ದವರಿಗೆ ಇನ್ನೂ ಹೆಚ್ಚು. ವೈಟ್ನರ್, ಪಂಕ್ಚರ್ ಅಂಟು ಮೂಸುವ ಚಟವನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದು ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ, ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚೆಂದು ನಾನು ಮೇಲೆ ಹೇಳಿದ ಸಮೀಕ್ಷೆ ಕಂಡುಕೊಂಡಿದೆ, ಮತ್ತು ಮೊದಲ ಸಲ ಮೂಸಿದಾಗಲೇ ಹೃದಯ ನಿಂತು ಹೋಗುವ ಅಪಾಯವೂ ಅದಕ್ಕಿದೆ.

ಇದಲ್ಲದೆ ಪ್ರತಿಯೊಂದು ಮಗುವೂ ಕಲಿಯಲೇಬೇಕಾದ ಪಾಠವೊಂದಿದೆ. ಅದನ್ನು ಕಲಿಸಿದರೆ ಕುಡಿಯಲು ಒಪ್ಪಿಗೆ ಕೊಟ್ಟಂತಾಗುತ್ತದೆ ಎಂದು ಹೆದರಿ ನಾವು ಕಲಿಸುವುದಿಲ್ಲ. ಪಿಯುಸಿಗೆ, ಡಿಗ್ರಿಗೆಂದು ನಮ್ಮ ಮಕ್ಕಳು ಮೈಸೂರಿಗೆ, ಮಂಗಳೂರಿಗೆ, ಬೆಂಗಳೂರಿಗೆ ಹೋಗಿ ಹಾಸ್ಟೆಲ್, ಪಿ.ಜಿ.ಗಳಲ್ಲಿ ಇರುತ್ತಾರೆ. ಅಲ್ಲಿ ಗೆಳೆಯನೊಬ್ಬ ಕುಡಿದು ಎಚ್ಚರ ತಪ್ಪಿ ಬಿದ್ದರೆ ಏನು ಮಾಡಬೇಕು? ಮಜ್ಜಿಗೆಯನ್ನೋ ನಿಂಬೆಹಣ್ಣಿನ ರಸವನ್ನೋ ಬಾಯಿಗೆ ಸುರಿಯಬಾರದು, ಉಸಿರುನಾಳಕ್ಕೆ ಹೋಗುತ್ತದೆ. ಅಂಗಾತ ಮಲಗಿಸಬಾರದು, ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ವಾಂತಿಯಾದರೆ ಹೊರಗೆ ಬರಲಿ. ನಿದ್ದೆ ಮಾಡಿದರೆ ಸರಿಹೋಗುತ್ತದೆ ಎಂದು ಕೋಣೆಯ ಬಾಗಿಲೆಳೆದುಕೊಂಡು ಹೋಗಬಾರದು, ಪಕ್ಕದಲ್ಲೇ ಕೂರಬೇಕು. ಅಲುಗಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ, ಮೈ ತಣ್ಣಗಾದರೆ, ವಾರ್ಡನ್ ಬೈಯುತ್ತಾರೆ, ಮನೆಗೆ ಗೊತ್ತಾಗುತ್ತದೆ ಎಂದು ಯೋಚಿಸದೆ 108ಕ್ಕೆ ಕರೆ ಮಾಡಬೇಕು. ನನ್ನ ಮಗಳು ಬೆಂಗಳೂರಿಗೆ ಹೊರಟ ದಿನ ಅವಳ ಪೆಟ್ಟಿಗೆಯಲ್ಲಿ ಚಕ್ಕುಲಿ, ಉಪ್ಪಿನಕಾಯಿ, ಕಾಫಿಪುಡಿ ಎಲ್ಲವನ್ನೂ ಇಟ್ಟೆ. ಈ ನಾಲ್ಕು ಮಾತುಗಳನ್ನು ಹೇಳಲು ನನಗೆ ಸಂಕೋಚವಾಯಿತು. ಅವಳು ಅವುಗಳನ್ನು ಸಹಪಾಠಿಯೊಬ್ಬಳ ಪಕ್ಕದಲ್ಲಿ ಒಂದು ರಾತ್ರಿ ಕುಳಿತೇ ಕಲಿಯಬೇಕಾಯಿತು. ಆ ಹುಡುಗಿ ಉಳಿದುಕೊಂಡಳು.

ತಪ್ಪು ಮಾಡಿ ಸಿಕ್ಕಿಬಿದ್ದ ಮಗುವನ್ನು ನಾವು ಏನು ಮಾಡುತ್ತೇವೆ ಎಂಬುದನ್ನು ಉಳಿದ ಮಕ್ಕಳು ನೋಡುತ್ತಿರುತ್ತಾರೆ. ಎಲ್ಲ ಪಾಠಗಳಿಗಿಂತ ದೊಡ್ಡ ಪಾಠ ಅದೇ. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಯ ಹುಡುಗನ ಕಂಪಾಸ್ ಪೆಟ್ಟಿಗೆಯಲ್ಲಿ, ಕೋನಮಾಪಕದ ಕೆಳಗೆ, ದಿನಪತ್ರಿಕೆಯ ಚೂರಿನಲ್ಲಿ ಮಡಚಿಟ್ಟ ಸೊಪ್ಪಿನ ಪೊಟ್ಟಣ ಸಿಕ್ಕಿತು. ಯಾರು ಕೊಟ್ಟರು, ಎಷ್ಟು ದಿನದಿಂದ, ಯಾಕೆ ಎಂದು ಅವನನ್ನು ಕೂರಿಸಿ ಕೇಳಿದವರಿಲ್ಲ. ಶಿಕ್ಷಕರ ಸಭೆ ಅರ್ಧ ಗಂಟೆಯಲ್ಲಿ ಮುಗಿಯಿತು. ಶಾಲೆಯ ಹೆಸರು ಹಾಳಾಗುತ್ತದೆ ಎಂಬ ಮಾತೇ ಆ ಅರ್ಧ ಗಂಟೆಯನ್ನು ತುಂಬಿತ್ತು. ವಾರದೊಳಗೆ ಅವನ ಅಪ್ಪನನ್ನು ಕರೆಸಿ ಟಿ.ಸಿ. ಕೈಗಿತ್ತರು. ಆ ಸಭೆಯಲ್ಲಿ ನಾನೂ ಇದ್ದೆ, ಬಾಯಿ ಬಿಡಲಿಲ್ಲ. ಹುಡುಗ ಬೇರೆ ಶಾಲೆಗೆ ಸೇರಲಿಲ್ಲ. ಐದಾರು ವರ್ಷಗಳ ನಂತರ ಪೇಟೆಯಲ್ಲಿ ಕಾಫಿ ಮೂಟೆ ತುಂಬಿದ ಪಿಕಪ್ ವಾಹನದ ಹಿಂದಿನಿಂದ ಇಳಿದು, “ನಮಸ್ಕಾರ ಟೀಚರ್” ಎಂದ. ಕಣ್ಣು ಕೆಂಪಗಿತ್ತು. ಹೇಗಿದ್ದೀಯಪ್ಪ ಎಂದು ಕೇಳುವುದಕ್ಕೂ ನನಗೆ ನಾಲಿಗೆ ಏಳಲಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಎಂಟನೆಯ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಒಂಬತ್ತು, ಹತ್ತರ ಮಕ್ಕಳಿಗೆ, ಅಂದರೆ ಈ ತೊಂದರೆ ಶುರುವಾಗುವ ವಯಸ್ಸಿನವರಿಗೇ, ಆ ರಕ್ಷಣೆಯಿಲ್ಲ. ಆದರೆ ಕಠಿಣವೆಂದು ಹೆಸರಾದ 1985ರ ಮಾದಕ ವಸ್ತು ಕಾಯ್ದೆ ಕೂಡ, ಅಲ್ಪ ಪ್ರಮಾಣದೊಂದಿಗೆ ಸಿಕ್ಕಿಬಿದ್ದ ವ್ಯಸನಿ ತಾನಾಗಿ ಚಿಕಿತ್ಸೆಗೆ ಮುಂದಾಗಿ ಅದನ್ನು ಪೂರ್ಣಗೊಳಿಸಿದರೆ ವಿಚಾರಣೆಯಿಂದ ಮುಕ್ತಿ ಪಡೆಯಬಹುದೆಂದು 64ಎ ಕಲಮಿನಲ್ಲಿ ದಾರಿ ಬಿಟ್ಟಿದೆ. ಕಾನೂನು ತೆರೆದಿಟ್ಟ ಬಾಗಿಲನ್ನು ಶಾಲೆ ಮುಚ್ಚುವುದು ಯಾವ ನ್ಯಾಯ? ಮಾರುವವನು ಬೇರೆ, ಸಿಕ್ಕಿಬಿದ್ದ ಹದಿನಾಲ್ಕರ ಮಗು ಬೇರೆ. ಟಿ.ಸಿ. ಕೊಟ್ಟದ್ದನ್ನು ನೋಡಿದ ಅವನ ಸಹಪಾಠಿಗಳು ಕಲಿತದ್ದು ಗಾಂಜಾ ಮುಟ್ಟಬಾರದೆಂದಲ್ಲ, ಮುಟ್ಟಿದರೆ ಟೀಚರಿಗೆ ಹೇಳಬಾರದೆಂದು.

ಬೇಕಾದ ವ್ಯವಸ್ಥೆಯ ಅರ್ಧ ಭಾಗ ಈಗಾಗಲೇ ಕಾಗದದ ಮೇಲಿದೆ. 2020ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯ ಇಬ್ಬರು ಶಿಕ್ಷಕರು ಆರೋಗ್ಯ ರಾಯಭಾರಿಗಳಾಗಿ ತರಬೇತಿ ಪಡೆದು ವಾರಕ್ಕೊಂದು ತಾಸು ಹನ್ನೊಂದು ವಿಷಯಗಳನ್ನು ಚಟುವಟಿಕೆಯ ಮೂಲಕ ಕಲಿಸಬೇಕು; ಮಾದಕ ವಸ್ತುಗಳ ದುರ್ಬಳಕೆ ತಡೆಯುವುದು ಅವುಗಳಲ್ಲೊಂದು. ಆದರೆ ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡದಲ್ಲಿ ಆ ತಾಸು ಗಣಿತಕ್ಕೋ ಇಂಗ್ಲಿಷಿಗೋ ಹೋಗುತ್ತದೆ, ನಾನೂ ಹಾಗೆ ತೆಗೆದುಕೊಂಡವಳೇ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ಸ್ನೇಹಾ ಕ್ಲಿನಿಕ್ ಇದೆ. ಮನಸ್ಸಿನ ತೊಂದರೆಗೆ 14416ಕ್ಕೆ, ವ್ಯಸನಮುಕ್ತಿಯ ಮಾಹಿತಿಗೆ 14446ಕ್ಕೆ, ಮಕ್ಕಳ ಸಂಕಟಕ್ಕೆ 1098ಕ್ಕೆ ಉಚಿತವಾಗಿ ಕರೆ ಮಾಡಬಹುದು. ಈ ಮೂರು ಸಂಖ್ಯೆಗಳನ್ನು ಶಾಲೆಯ ಮುಖ್ಯದ್ವಾರದಲ್ಲಲ್ಲ, ಯಾರೂ ನೋಡದಂತೆ ಮಗು ಬರೆದುಕೊಳ್ಳಬಹುದಾದ ಶೌಚಾಲಯದ ಬಾಗಿಲ ಒಳಬದಿಯಲ್ಲಿ ಬರೆಸಿ ಎಂದು ಮುಖ್ಯೋಪಾಧ್ಯಾಯರುಗಳಲ್ಲಿ ವಿನಂತಿಸುತ್ತೇನೆ.

ಸಂಜೆಯ ಹೊತ್ತಿನ ಬಗ್ಗೆ ಹೇಳದೆ ಇದನ್ನು ಮುಗಿಸಲಾಗದು. ನಾಲ್ಕು ಲಕ್ಷಕ್ಕೂ ಕಡಿಮೆ ಜನರಿರುವ ಐಸ್‌ಲ್ಯಾಂಡ್ ದೇಶದಲ್ಲಿ 1998ರಲ್ಲಿ ಹದಿನೈದು ಹದಿನಾರರ ಮಕ್ಕಳಲ್ಲಿ ಶೇ. 42ರಷ್ಟು ಮಂದಿ ಹಿಂದಿನ ಒಂದು ತಿಂಗಳಲ್ಲಿ ಮತ್ತೇರುವಷ್ಟು ಕುಡಿದಿದ್ದರು. 2016ರ ಹೊತ್ತಿಗೆ ಅದು ಶೇ. 5ಕ್ಕೆ ಇಳಿಯಿತು. ಅಲ್ಲಿ ಭಾಷಣ ಹೆಚ್ಚಿಸಲಿಲ್ಲ. ಶಾಲೆ ಬಿಟ್ಟ ಮೇಲೆ ಆಟಕ್ಕೆ, ಸಂಗೀತಕ್ಕೆ, ನೃತ್ಯಕ್ಕೆ ಸರ್ಕಾರವೇ ಹಣ ಕೊಟ್ಟಿತು, ಕತ್ತಲಾದ ಮೇಲೆ ಮಕ್ಕಳು ಮನೆಯಲ್ಲಿರಬೇಕೆಂದು ಪೋಷಕರೆಲ್ಲ ಸೇರಿ ಒಪ್ಪಂದ ಮಾಡಿಕೊಂಡರು. 2011ರ ಜನಗಣತಿಯಲ್ಲಿ 5,54,519 ಜನರಿದ್ದ ನಮ್ಮ ಜಿಲ್ಲೆಗೆ ಇದು ಅಸಾಧ್ಯವೇನಲ್ಲ, ಮೈದಾನವಂತೂ ನಮ್ಮಲ್ಲಿ ಮೊದಲಿಂದಲೂ ಇದೆ. 1997ರಲ್ಲಿ ಕರಡದಲ್ಲಿ 60 ಕುಟುಂಬಗಳೊಂದಿಗೆ ಆರಂಭವಾದ ಕೊಡವ ಹಾಕಿ ಹಬ್ಬ 2024ರಲ್ಲಿ ನಮ್ಮ ನಾಪೋಕ್ಲುವಿನಲ್ಲಿ ನಡೆದಾಗ 360 ಕುಟುಂಬಗಳ ತಂಡಗಳು ಬಂದಿದ್ದವು. ಆ ಒಂದು ತಿಂಗಳು ಸಂಜೆ ಹುಡುಗರು ಎಲ್ಲಿದ್ದಾರೆಂದು ಯಾವ ತಾಯಿಯೂ ಹುಡುಕಬೇಕಾಗಿರಲಿಲ್ಲ. ಹಬ್ಬ ಮುಗಿದ ಮೇಲೆ ಸ್ಟಿಕ್ಕುಗಳು ಅಟ್ಟ ಸೇರಿದವು, ಹುಡುಗರು ಬಸ್ ತಂಗುದಾಣದ ಹಿಂದಕ್ಕೆ ಮರಳಿದರು. ಹಬ್ಬಕ್ಕೆ ಸಿದ್ಧಪಡಿಸುವ ಮೈದಾನಗಳನ್ನು ಉಳಿದ ತಿಂಗಳುಗಳಲ್ಲಿ ವಾರಕ್ಕೆ ಮೂರು ಸಂಜೆ ಒಬ್ಬ ತರಬೇತುದಾರನ ಜೊತೆ ತೆರೆದಿಟ್ಟು, ಕುಟುಂಬದ ತಂಡವಿಲ್ಲದ ಲೈನ್‌ಮನೆಯ ಮಕ್ಕಳನ್ನೂ, ಎಲ್ಲ ಸಮುದಾಯದ ಹುಡುಗ ಹುಡುಗಿಯರನ್ನೂ ಸೇರಿಸಿಕೊಂಡು, ಕೊನೆಯ ಬಸ್ಸನ್ನು ಆರೂವರೆಯವರೆಗೆ ನಿಲ್ಲಿಸಿಕೊಂಡರೆ ಸಾಕು. ಬಸ್ಸಿನ ಸಮಯ ಸಣ್ಣ ಸಂಗತಿಯೆಂದು ಕಾಣಬಹುದು. ನಮ್ಮ ಹಳ್ಳಿಗಳ ಮಕ್ಕಳು ಆಟ ಬಿಟ್ಟು ಹೊರಡುವುದು ಆ ಬಸ್ಸಿಗಾಗಿಯೇ.

ನಾನು ಈಗ ಸರ್ಕಾರದ ನೌಕರಳಲ್ಲ, ಆದರೆ ಹಳೆಯ ಪ್ರಯೋಗಾಲಯದ ಗಾಜಿನ ಅಳತೆ ಜಾಡಿಯೊಂದು ನನ್ನ ಬಳಿಯಿದೆ. ಒಂದು ಖಾಲಿ ಬೀರು ಬಾಟಲಿ, ಒಂದು ಸಣ್ಣ ಪೆಗ್ಗಿನ ಅಳತೆ, ಬಣ್ಣ ಬೆರೆಸಿದ ನೀರು, ಇಷ್ಟನ್ನು ಚೀಲದಲ್ಲಿ ಹಾಕಿಕೊಂಡು ಜಿಲ್ಲೆಯ ಯಾವ ಶಾಲೆಗಾದರೂ ನನ್ನ ಖರ್ಚಿನಲ್ಲೇ ಬರಲು ಸಿದ್ಧಳಿದ್ದೇನೆ. ಎರಡು ಷರತ್ತುಗಳಿವೆ: ವೇದಿಕೆ, ಹಾರ, ಫೋಟೋ ಬೇಡ, ಮಕ್ಕಳು ಚೀಟಿಯಲ್ಲಿ ಹೆಸರಿಲ್ಲದೆ ಬರೆದು ಹಾಕಿದ ಪ್ರಶ್ನೆಗಳನ್ನು ಯಾರೂ ಮೊದಲೇ ತೆರೆದು ನೋಡಬಾರದು. ಆಸಕ್ತ ಶಾಲೆಗಳು ಪತ್ರಿಕೆಯ ಕಚೇರಿಗೆ ತಿಳಿಸಿದರೆ ನನಗೆ ತಲುಪಿಸುವ ಕೃಪೆ ಮಾಡಬೇಕೆಂದು ತಮ್ಮಲ್ಲಿ ಕೋರುತ್ತೇನೆ. ಶನಿವಾರ ಬೆಳಗಿನ ಶಾಲೆಯಾದರೆ ಅನುಕೂಲ.

ಇಂತಿ ತಮ್ಮ ಓದುಗಳು,
ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ,
ನಾಪೋಕ್ಲು, ಕೊಡಗು